ಮೆಟ್ಟಿಲಿಲ್ಲದ ಆಕಾಶ

ನಮ್ಮ ಕಡೆ ಸತ್ತವರ ಫ್ಲೆಕ್ಸನ್ನು ಬಿಸಾಡುವುದಿಲ್ಲ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ಬಿಚ್ಚಿ ತಂದು ಕಟ್ಟಿಗೆ ರಾಶಿಗೋ ದನದ ಹಟ್ಟಿಯ ಮಾಡಿಗೋ ಹೊದೆಸುತ್ತಾರೆ. ಮುಖ ಮಾತ್ರ ಒಳಗೆ ಮಾಡಿ ಹೊದೆಸಬೇಕು. ಹೊರಗೆ ಮಾಡಿದರೆ ದಾರಿಯಲ್ಲಿ ಹೋಗುವವರು ಮನೆಯವರನ್ನು ಬೈಯುತ್ತಾರೆ. ನನ್ನದು ಕಬ್ಬಿಣದ ಕೆಲಸ. ಫ್ಲೆಕ್ಸ್ ಕಟ್ಟುವ ಫ್ರೇಮು, ಗೇಟು, ಗ್ರಿಲ್ಲು, ಶೀಟಿನ ಮಾಡು ಎಲ್ಲ ಮಾಡುತ್ತೇನೆ. ಮಳೆಗಾಲಕ್ಕೆ ನನ್ನ ಪೈಪುಗಳ ಮೇಲೆ ಬೀಳುವುದೂ ಇಂಥ ಫ್ಲೆಕ್ಸೇ. ಈ ವರ್ಷ ಹೊದೆಸಲು ತೆಗೆದು ಒಂದೊಂದೇ ಬಿಡಿಸುವಾಗ ಮುಖಗಳು ಎದ್ದು ಬಂದವು. ನಾನು ಮುಖ ನೋಡಲಿಲ್ಲ, ಹಿಂದಿನ ಆಕಾಶ ನೋಡಿದೆ. ಇದು ಅಕ್ಕ ಮಾಡಿದ್ದು, ಇದು ಬೇರೆಯವರದ್ದು ಎಂದು ದೂರದಿಂದಲೇ ಹೇಳಬಲ್ಲೆ. ಆ ನೀಲಿ ಬೇರೆ ಯಾರ ಕೈಯಲ್ಲೂ ಬಂದದ್ದಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಪ್ರಾಯದಲ್ಲಿ ನನಗಿಂತ ಚಿಕ್ಕವರೇ. ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು, ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಂಗಡಿ ಸಾಲಿನಲ್ಲಿ ಹಾಗೆಯೇ ನಡೆಯುತ್ತದೆ. ಕುಂದಾಪುರದಿಂದ ಬಸ್ರೂರಿಗೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು, ಅದಕ್ಕೆ ತಾಗಿಕೊಂಡು ಅವರ ಅಂಗಡಿ. ಒಂದು ಮೇಜು, ಒಂದು ಲ್ಯಾಪ್‌ಟಾಪು, ಬಂದವರಿಗೆ ಕೂರಲು ಎರಡು ಪ್ಲಾಸ್ಟಿಕ್ ಕುರ್ಚಿ. ಮದುವೆ ಕಾಗದ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್ಲು, ರಸೀದಿ ಪುಸ್ತಕ, ಎಲ್ಲದರ ಡಿಸೈನ್ ಮಾಡುತ್ತಿದ್ದರು. ಆದರೆ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಶ್ರದ್ಧಾಂಜಲಿ ಬ್ಯಾನರಿಗೆ.

ನನ್ನ ಗ್ರೈಂಡರಿನ ಶಬ್ದಕ್ಕೆ ಸಾಲಿನವರೆಲ್ಲ ಒಂದಲ್ಲ ಒಂದು ದಿನ ಜಗಳಕ್ಕೆ ಬಂದವರೇ. ನಾನು ಯಾರಿಗೂ ತಲೆ ಬಗ್ಗಿಸಿದವನಲ್ಲ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿಣ ಹೊತ್ತು ಈ ಶೆಡ್ಡು ಹಾಕಿದ್ದೇನೆ, ಶಬ್ದ ಆಗುವ ಕೆಲಸದಲ್ಲಿ ಶಬ್ದ ಆಗುತ್ತದೆ ಎಂದುಬಿಡುತ್ತಿದ್ದೆ. ಅಕ್ಕನೂ ಒಂದು ದಿನ ಬಂದು ಬಾಗಿಲಲ್ಲಿ ನಿಂತರು. ನಾನು ಮಾತಿಗೆ ತಯಾರಾಗಿ ಮಷಿನ್ ಬಂದ್ ಮಾಡಿದೆ.

“ಹ್ವಾಯ್ ಅಣ್ಣ, ಶಬ್ದ ಎಷ್ಟ್ ಬೇಕಾರೂ ಮಾಡಿ. ಬೆಳಕಿಗೊಂದ್ ಅಡ್ಡ ಕಟ್ಟಿ ಮಾರಾಯ್ರೆ. ನನ್ ಆಕಾಶದಲ್ಲಿ ಸಿಡ್ಲ್ ಹೊಡಿತ್ತ್.”

ವೆಲ್ಡಿಂಗಿನ ಬೆಳಕು ಅವರ ಗೋಡೆಗೆ ಬಡಿದು ಲ್ಯಾಪ್‌ಟಾಪಿನ ಮೇಲೆ ಬೀಳುತ್ತಿತ್ತಂತೆ. ನಾನು ಒಂದು ಹಳೆಯ ಫ್ಲೆಕ್ಸ್ ಅಡ್ಡ ಕಟ್ಟಿದೆ. ಅಂದಿನಿಂದ ಅವರು ಮಾಡಿದ ಬ್ಯಾನರಿಗೆಲ್ಲ ಫ್ರೇಮು ನನ್ನದೇ.

ಅವರ ಮನೆ ಕಿರಿಮಂಜೇಶ್ವರದಲ್ಲಿ, ಅಮ್ಮನೂ ಅವರೂ ಇಬ್ಬರೇ. ಹುಡುಗಿಯಾಗಿದ್ದಾಗ ಮುಂಬೈಯಲ್ಲಿ ಅಣ್ಣನ ಮನೆಯಲ್ಲಿದ್ದು ಯಾವುದೋ ಪ್ರೆಸ್ಸಿನಲ್ಲಿ ಕೆಲಸ ಕಲಿತವರು. ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಡಲ ಬದಿಯ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಮರವಂತೆಯಲ್ಲಿ ಬಸ್ಸು ಕಡಲಿಗೆ ತಾಗಿಕೊಂಡೇ ಬರುತ್ತದಲ್ಲ, ಅಲ್ಲಿ ಕಂಡ ಆಕಾಶವನ್ನು ಅಂಗಡಿಗೆ ಬಂದು ಕೂತು ಲ್ಯಾಪ್‌ಟಾಪಿನಲ್ಲಿ ಇಳಿಸುತ್ತಿದ್ದರು. ಮೇಲೆ ಕಡುನೀಲಿ, ಬರುತ್ತಾ ಬರುತ್ತಾ ತೆಳುವಾಗಿ, ಸತ್ತವರ ತಲೆಯ ಹಿಂದೆ ಬರುವಾಗ ಬಿಳಿ. ಎಲ್ಲಿ ನೀಲಿ ಮುಗಿಯಿತು, ಎಲ್ಲಿ ಬಿಳಿ ಶುರುವಾಯಿತು ಎಂದು ಗೊತ್ತಾಗಬಾರದು. ಗೊತ್ತಾದರೆ ಅದಕ್ಕೆ ಅವರು ಮೆಟ್ಟಿಲು ಎನ್ನುತ್ತಿದ್ದರು. ಬಣ್ಣ ನೀರಿನ ಹಾಗೆ ಇಳಿಯದೆ ಪಟ್ಟೆ ಪಟ್ಟೆಯಾಗಿ ಇಳಿಯುವುದು. ನನಗೆ ಅದು ಎಷ್ಟು ತೋರಿಸಿದರೂ ಕಾಣುತ್ತಿರಲಿಲ್ಲ.

“ಸತ್ತವ್ರ ಹಿಂದೆ ಮೆಟ್ಲ್ ಇಪ್ಕಾಗ ಅಣ್ಣ,” ಎನ್ನುತ್ತಿದ್ದರು.

ಒಮ್ಮೆ ತಂದೆಯ ಬ್ಯಾನರಿಗೆ ಬಂದವನೊಬ್ಬ ಇದನ್ನು ಕೇಳಿ ನಕ್ಕ. “ಅಕ್ಕ, ಸ್ವರ್ಗಕ್ಕೆ ಹತ್ತುಕೆ ಮೆಟ್ಲ್ ಬ್ಯಾಡ್ದಾ?”

ಅಕ್ಕ ತಲೆ ಎತ್ತಲಿಲ್ಲ. “ನಿಮ್ಮ ಅಪ್ಪಯ್ಯಂಗೆ ಮಂಡಿ ನೋವ್ ಇದ್ದಿತ್ತಲ್ದಾ? ಹತ್ತುದ್ ಹ್ಯಾಂಗೆ?”

ಆ ಮನುಷ್ಯ ನಗುತ್ತಿದ್ದವನು ಹಾಗೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟ. ಅಕ್ಕ ನೀರಿನ ಬಾಟಲಿ ಅವನ ಕಡೆ ದೂಡಿ ಕೆಲಸ ಮುಂದುವರಿಸಿದರು.

ಅವರ ಇನ್ನೊಂದು ಗುಣ ಹೇಳಬೇಕು. ಯಾರ ಕೆಲಸವನ್ನೂ ಅವರು ಕೆಟ್ಟದ್ದು ಎನ್ನುತ್ತಿರಲಿಲ್ಲ. ಕೆಟ್ಟದಾಗಿದ್ದರೆ ಸ್ವಲ್ಪ ಹೊತ್ತು ನೋಡಿ “ಅಡ್ಡಿಲ್ಲ” ಎನ್ನುತ್ತಿದ್ದರು. ಒಳ್ಳೆಯದಾಗಿದ್ದರೆ ಏನನ್ನೂ ಹೇಳುತ್ತಿರಲಿಲ್ಲ, ಬೇರೆ ಮಾತಿಗೆ ಹೋಗಿಬಿಡುತ್ತಿದ್ದರು. ಇದು ತಿಳಿಯದ ಗಿರಾಕಿಗಳು ಅಡ್ಡಿಲ್ಲ ಅನ್ನಿಸಿಕೊಂಡು ಖುಷಿಯಿಂದ ಹೋಗುತ್ತಿದ್ದರು. ನನ್ನ ಫ್ರೇಮು ನೋಡಿ ಅವರು ಒಂದು ದಿನವೂ ಅಡ್ಡಿಲ್ಲ ಎಂದವರಲ್ಲ. ಎನ್ನುವ ಹಾಗೆ ನಾನು ಮಾಡಿಯೂ ಇಲ್ಲ. ಮೂಲೆ ಎಳ್ಳಷ್ಟು ವಾಲಿದ್ದರೆ ದಾರ ಹಿಡಿಯದೆ ಬರೀ ಕಣ್ಣಲ್ಲಿ ಹೇಳುವವನು ನಾನು.

ಹೀಗೆ ನಡೆದುಕೊಂಡು ಹೋಗುತ್ತಿದ್ದದ್ದು ಒಂದು ಮಳೆಗಾಲದಲ್ಲಿ ನಿಂತಿತು. ಅಂಗಡಿಯ ಹಂಚು ಜಾರಿ ನೀರೆಲ್ಲ ಮೇಜಿನ ಮೇಲೆ ಇಳಿದು, ಅವರ ಹಳೆಯ ದಪ್ಪ ಲ್ಯಾಪ್‌ಟಾಪು ಸತ್ತಿತು. ಹೊಸದು ತಂದರು. ತೆಳ್ಳಗೆ, ದೋಸೆಯ ಹಾಗೆ. ಬೆಳಕೂ ಜೋರು. ನಾನು, “ಈಗ ಎಂತ ಅಕ್ಕ, ನಿಮ್ಮ ಆಕಾಶಕ್ಕೆ ಸೂರ್ಯನೇ ಬಂದ ಹಾಂಗಾಯ್ತ್” ಎಂದೆ. ಅವರು ಸ್ವಲ್ಪ ಹೊತ್ತು ನೋಡಿ, “ಅಡ್ಡಿಲ್ಲ” ಎಂದರು. ನನಗೆ ಅಲ್ಲಿಯೇ ಹೆದರಿಕೆಯಾಯಿತು.

ಒಂದು ವಾರವಾಗುವಷ್ಟರಲ್ಲಿ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂರಲು ಶುರು ಮಾಡಿದರು. ಕಣ್ಣು ಕೆಂಪು. ಏನು ಎಂದು ಕೇಳಿದರೆ, “ಇದ್ ಕುದಿತ್ತ್ ಅಣ್ಣ” ಎಂದರು. ನಾನು ಕೈ ಇಟ್ಟು ನೋಡಿದೆ, ಬಿಸಿಯೇನೂ ಇರಲಿಲ್ಲ. “ಬಿಸಿ ಅಲ್ಲ ಮಾರಾಯ್ರೆ, ಬಣ್ಣ ಕುದಿತ್ತ್. ಗಂಜಿ ಕುದಿಯುಕೆ ಮುಂಚೆ ಮೇಲೆ ಮೇಲೆ ನಡುಗತ್ತಲೆ, ಹಾಂಗೆ.” ನಾನು ಬಗ್ಗಿ ಬಗ್ಗಿ ನೋಡಿದೆ. ಗೋಡೆಯ ಹಾಗೆ ಸುಮ್ಮನೆ ಇತ್ತು.

ಆದರೂ ನಾನು ಅವರ ಮಾತನ್ನು ತಳ್ಳಿಹಾಕಲಿಲ್ಲ. ಕಣ್ಣಿನ ನೋವು ವೆಲ್ಡಿಂಗಿನವನಿಗೆ ಹೇಳಿಕೊಡಬೇಕೇ? ಗ್ಲಾಸಿಲ್ಲದೆ ಆರ್ಕ್ ನೋಡಿದ ದಿನ ಕಣ್ಣಿನೊಳಗೆ ಕಡಲ ಹೊಯ್ಗೆ ಹಾಕಿ ತಿಕ್ಕಿದ ಹಾಗಾಗುತ್ತದೆ. ಹೊರಗಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ನಮ್ಮ ಮದ್ದೆಲ್ಲ ಅವರಿಗೂ ಮಾಡಿಸಿದೆ. ಸೌತೆಕಾಯಿ ತುಂಡು ಇಟ್ಟುಕೊಂಡರು. ನಂದಿಬಟ್ಟಲು ಹೂವನ್ನು ನೀರಲ್ಲಿ ಹಾಕಿಟ್ಟು ಅದರಲ್ಲಿ ಕಣ್ಣು ತೊಳೆದರು. ಕಡೆಗೆ ನನ್ನ ವೆಲ್ಡಿಂಗ್ ಶೀಲ್ಡನ್ನೇ ಕೇಳಿ ತೆಗೆದುಕೊಂಡು ಹೋದರು. ಹೋಗಿ ನೋಡುತ್ತೇನೆ, ಅದನ್ನು ಮುಖಕ್ಕೆ ಹಿಡಿದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ.

“ಎಂತ ಮಾರಾಯ್ತಿ, ಲ್ಯಾಪ್‌ಟಾಪಿಗೂ ವೆಲ್ಡಿಂಗ್ ಶುರು ಮಾಡಿದ್ರ್ಯಾ?” ಎಂದೆ.

“ಸುಮ್ನಿರಿ. ಎಂತದೂ ಕಾಣ್ತಿಲ್ಲ. ಆರೆ ಎಷ್ಟ್ ಸುಖ ಇತ್ತ್ ಗೊತ್ತಿತ್ತಾ!”

ಇಬ್ಬರೂ ನಕ್ಕೆವು. ಅವರು ಹಾಗೆ ನಕ್ಕದ್ದು ಮತ್ತೆ ನೋಡಿದ ನೆನಪಿಲ್ಲ.

ಕಣ್ಣಿನ ಡಾಕ್ಟರು ದೀಪ ಹಾಕಿ, ಅಕ್ಷರ ಓದಿಸಿ, ಎಲ್ಲ ನೋಡಿದರು. ಒಳ್ಳೆಯ ಮನುಷ್ಯ, ಪುರುಸೊತ್ತು ಮಾಡಿಕೊಂಡು ನೋಡಿದರಂತೆ. ಕಣ್ಣಲ್ಲಿ ಯಾವ ದೋಷವೂ ಇಲ್ಲ, ಸ್ವಲ್ಪ ಒಣಗಿದೆ ಎಂದು ಹನಿ ಬರೆದುಕೊಟ್ಟರು. ಅಕ್ಕ ಬಂದು ನನ್ನ ಶೆಡ್ಡಿನ ಪೈಪಿನ ಮೇಲೆ ಕೂತರು.

“ಕಣ್ಣ್ ಚಂದ ಇತ್ತಂಬ್ರ್. ಹಾಂಗಾರೆ ಈ ನೋವ್ ಯಾರದ್ದ್ ಅಣ್ಣ?”

ನನ್ನ ನೋವು ರಾತ್ರಿ ಮಲಗಿ ಎದ್ದರೆ ಹೋಗುತ್ತದೆ. ಅವರದ್ದೂ ಹೋಗುತ್ತಿತ್ತು, ಲ್ಯಾಪ್‌ಟಾಪು ತೆರೆದ ಕೂಡಲೇ ವಾಪಸು ಬರುತ್ತಿತ್ತು.

ಕೋಟೇಶ್ವರದ ಒಬ್ಬ ಕಂಪ್ಯೂಟರ್ ರಿಪೇರಿಯವನನ್ನು ನಾನೇ ಕರೆತಂದೆ. ಅವನು ಅದನ್ನು ಇದನ್ನು ಒತ್ತಿ ನೋಡಿ, “ಅಕ್ಕಾ, ಈ ಸ್ಕ್ರೀನಿಗೆ ಎಲ್ಲಾ ಬಣ್ಣ ಬತ್ತಿಲ್ಲ. ಎರಡ್ ನೀಲಿ ಮಧ್ಯದ್ ನೀಲಿ ಬೇಕಾರೆ, ಒಮ್ಮೆ ಅದ್ನ್ ಒಮ್ಮೆ ಇದ್ನ್ ಬೇಗ ಬೇಗ ತೋರ್ಸತ್ತ್. ನಮ್ ಕಣ್ಣ್ ಎರಡನ್ನೂ ಸೇರ್ಸಿ ಮಧ್ಯದ್ ಕಂಡ್ಕಣತ್ತ್. ಡಿದರಿಂಗ್ ಅಂಬ್ರ್ ಅದಕ್ಕೆ. ಯಾರಿಗೂ ಗೊತ್ತಾತಿಲ್ಲ” ಎಂದ.

“ನಂಗ್ ಗೊತ್ತಾತ್ತಲೆ,” ಎಂದರು ಅಕ್ಕ. “ಬಂದ್ ಮಾಡುಕಾತ್ತಾ ಅದ್ನ್?”

“ಆತ್ತ್. ಬಂದ್ ಮಾಡಿರೆ ಕುದಿತಿಲ್ಲ. ಆರೆ ಮಧ್ಯದ್ ಬಣ್ಣ ಹೋಯಿ ನಿಮ್ ಮೆಟ್ಲ್ ಬತ್ತ್.”

ಅವನು ಬಂದ್ ಮಾಡಿದ. ಅಕ್ಕನ ಮುಖ ನೋಡಬೇಕಿತ್ತು. ಹೊತ್ತ ಹೊರೆ ಇಳಿಸಿದವರ ಹಾಗೆ ಭುಜ ಕೆಳಗೆ ಬಂತು. ಆಮೇಲೆ ತಮ್ಮ ಆಕಾಶ ತೆರೆದರು. ತೆರೆದವರು ಬೆರಳಿಟ್ಟು ಪಟ್ಟೆ ಎಣಿಸಿದರು. ರಿಪೇರಿಯವನು ಸಮಾಧಾನಕ್ಕೆ, “ಇದ್ ಸ್ಕ್ರೀನಲ್ ಮಾತ್ರ ಅಕ್ಕ. ಒಳಗಿಪ್ಪುದ್ ಸಮ ಇತ್ತ್, ಪ್ರಿಂಟ್ ಸಮಾ ಬತ್ತ್. ನೀವ್ ಕಾಣದ್ದಾಂಗ್ ಕೆಲ್ಸ ಮಾಡಿ” ಎಂದ.

ಅದು ಸುಳ್ಳಲ್ಲ. ಮುದ್ರಿಸುವ ಮಷಿನು ಬ್ರಹ್ಮಾವರದಲ್ಲಿ. ಇಲ್ಲಿಂದ ಕಳಿಸಿದರೆ ಅಲ್ಲಿ ಮುದ್ರಿಸಿ ಸುರುಳಿ ಮಾಡಿ ಬಸ್ಸಿನಲ್ಲಿ ಹಾಕುತ್ತಿದ್ದರು. ಕೆಲವು ತಿಂಗಳು ಬಂದ ಬ್ಯಾನರೆಲ್ಲ ಸರಿಯಾಗಿಯೇ ಬಂದವು. ಅಕ್ಕ ಮೆಟ್ಟಿಲು ನೋಡುತ್ತಾ ನೋಡುತ್ತಾ ಮೆಟ್ಟಿಲಿಲ್ಲ ಎಂದು ನಂಬಿ ಕೆಲಸ ಮಾಡಿದರು. ಕಣ್ಣಿನ ಕೆಂಪು ಹೋಯಿತು. ನಾನು ಇನ್ನೇನೂ ತೊಂದರೆಯಿಲ್ಲ ಎಂದುಕೊಂಡೆ.

ಆಗ ಅಮಾಸೆಬೈಲಿನ ಬ್ಯಾನರೊಂದು ಬಂತು. ಹೆರಿಗೆಯಲ್ಲಿ ಹೋದ ಹೆಂಗಸು, ಚಿಕ್ಕ ಪ್ರಾಯ. ಅಂದು ನೆಟ್‌ವರ್ಕ್ ಸರಿಯಿರಲಿಲ್ಲ, ಬ್ರಹ್ಮಾವರಕ್ಕೆ ಹೋಗಲಿ ಎಂದು ಅಕ್ಕ ಆ ಚಿತ್ರವನ್ನು ಸಣ್ಣದು ಮಾಡಿ ಕಳಿಸಿದರು. ಹಾಗೆ ಸಣ್ಣದು ಮಾಡುವಾಗ ಬಣ್ಣ ಒಡೆದು ಚಿತ್ರದೊಳಗೇ ಮೆಟ್ಟಿಲು ಬಂದಿತ್ತು. ಲ್ಯಾಪ್‌ಟಾಪಿನಲ್ಲಿ ಅದು ಕಂಡಿತ್ತು ಕೂಡ. ದಿನಾ ಕಾಣುವುದೇ ಅಲ್ಲವೇ, ಸ್ಕ್ರೀನಿನದ್ದು ಎಂದು ಬಿಟ್ಟರು.

ಫ್ರೇಮು ದೊಡ್ಡದೆಂದು ನಾನು ಗೂಡ್ಸ್ ರಿಕ್ಷಾದಲ್ಲಿ ಹೋಗುವವನಿದ್ದೆ. ಅಕ್ಕನೂ ಬಂದರು. ಅಲ್ಲಿಯ ಪೇಟೆಯ ತಿರುವಿನಲ್ಲಿ ಕಟ್ಟಿ ಕೆಳಗಿಳಿದೆ. ಅಕ್ಕ ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡುತ್ತಿದ್ದವರು, ಓಡಿದ ಹಾಗೆ ಬಂದರು.

“ಇಳ್ಸಿ ಅಣ್ಣ. ಇಳ್ಸಿ. ಬೇರೆ ಮಾಡಿ ತತ್ತೆ.”

ಮನೆಯವರು ಅಲ್ಲಿಯೇ ಇದ್ದರು. ಹೆಂಗಸಿನ ಅತ್ತೆ ಮುಂದೆ ಬಂದು, “ಎಂತಕ್ಕೆ ಇಳ್ಸುದ್? ಮುಖ ಲಾಯ್ಕ್ ಬಂದಿತ್ತ್. ನಗಾಡ್ದಾಂಗೆ ಇತ್ತ್. ಇಳ್ಸ್ಕಾಗ” ಎಂದರು. ಗಂಡನಾದವನು ಕೈ ಮುಗಿದೇ ನಿಂತಿದ್ದ. ನಾನು ಏಣಿ ಹಿಡಿದುಕೊಂಡು ಅಕ್ಕನ ಮುಖ ನೋಡಿದೆ. ಅಕ್ಕ ಆ ಅತ್ತೆಯ ಮುಖ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, “ಅಡ್ಡಿಲ್ಲ” ಎಂದರು.

ವಾಪಸು ಬರುವಾಗ ರಿಕ್ಷಾ ಸಿದ್ದಾಪುರ ದಾಟಿತು. ಆಮೇಲೆ ಅಕ್ಕ ಹೊರಗೆ ನೋಡಿಕೊಂಡೇ, “ನಂಗ್ ಒಂಚೂರ್ ಸುಖ ಆಯ್ತ್ ಅಂದೇಳಿ ಆ ಹೆಣ್ಣಿನ್ ಹಿಂದೆ ಮೆಟ್ಲ್ ಹಾಕ್ದೆ” ಎಂದರು. ಯಾರಿಗೂ ಕಾಣಲಿಲ್ಲವಲ್ಲ ಅಕ್ಕ ಎಂದೆ. “ಯಾರಿಗೂ ಕಾಣದಿದ್ರೆ ನಾ ಎಂತಕ್ಕೆ ಅಣ್ಣ? ಮೊಬೈಲಲ್ಲೇ ಮಾಡ್ಕಂತಿಲ್ಲ್ಯಾ ಜನ?”

ಮರುದಿನ ಅವರು ಆ ಕುದಿಯನ್ನು ಮತ್ತೆ ಚಾಲೂ ಮಾಡಿದರು.

ಅಲ್ಲಿಂದ ಮುಂದಿನದ್ದನ್ನು ಉದ್ದಕ್ಕೆ ಬರೆಯಲು ನನಗೆ ಮನಸ್ಸಿಲ್ಲ. ಬೇರೆ ಲ್ಯಾಪ್‌ಟಾಪು ನೋಡಲು ಅಂಗಡಿ ಅಂಗಡಿ ತಿರುಗಿದೆವು. ಸೇಲ್ಸಿನವನು ಹೂವಿನ ಚಿತ್ರ, ಗಿಳಿಯ ಚಿತ್ರ ತೋರಿಸುತ್ತಿದ್ದ. ಅಕ್ಕ ಬರೀ ಬೂದು ಬಣ್ಣ ಹಾಕಿ ಎಂದು ಕೇಳುತ್ತಿದ್ದರು. ಅದನ್ನು ದಿಟ್ಟಿಸಿ ನೋಡಿ, ಹಣೆ ಒತ್ತಿಕೊಂಡು, “ಅಡ್ಡಿಲ್ಲ” ಎಂದು ಹೊರಗೆ ಬರುತ್ತಿದ್ದರು. ಹಳೆಯದು ಯಾಕೆ ಹಾಗಿರಲಿಲ್ಲ ಎಂದು ರಿಪೇರಿಯವನಿಗೂ ಸರಿಯಾಗಿ ಹೇಳಲು ಬರಲಿಲ್ಲ. ಆಮೇಲೆ ಮೊಬೈಲೂ ಕುದಿಯಲು ಶುರುವಾಯಿತು. ಬಸ್ಸಿನ ಒಳಗಿನ ದೀಪದ ಬೋರ್ಡು, ಮನೆಯ ಟಿವಿ, ಒಂದೊಂದೇ ಅವರ ಕಣ್ಣಿಗೆ ಆಗದ್ದಾಯಿತು. ಬಟ್ಟೆ ಒದ್ದೆ ಮಾಡಿ ಕಣ್ಣಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂರುವುದು, ಸ್ವಲ್ಪ ಆಕಾಶ ಮಾಡುವುದು, ಮತ್ತೆ ಬಟ್ಟೆ. ಒಂದು ಬ್ಯಾನರಿಗೆ ದಿನಗಟ್ಟಲೆ ಹಿಡಿಯಿತು. ಸತ್ತವರ ಮನೆಯವರಿಗೆ ಅಷ್ಟು ಕಾಯಲಾಗುತ್ತದೆಯೇ? ಬೇರೆ ಕಡೆ ಹೋದರು. ಸಾಲಿನ ಜನ ಮೊದಮೊದಲು ಅಯ್ಯೋ ಎಂದವರು ಆಮೇಲೆ, “ಕಣ್ಣ್ ಅಲ್ಲ, ತಲೆದ್ದೇ ತೊಂದ್ರಿ ಕಾಣತ್ತ್” ಎಂದು ನನ್ನ ಎದುರಿಗೇ ಹೇಳಿದರು. ಒಬ್ಬನನ್ನು ನಾನು ಹೊಡೆಯಲು ಹೋದೆ. ಅಕ್ಕನೇ ತಡೆದರು. “ಬಿಡಿ ಅಣ್ಣ. ನಂಗೂ ಒಂದೊಂದ್ ಸಲ ಹಾಂಗೇ ಕಾಣತ್ತ್.”

ಒಂದು ದಿನ ಶಟರ್ ಎಳೆದು, ಲ್ಯಾಪ್‌ಟಾಪನ್ನು ನನ್ನ ಶೆಡ್ಡಿನ ಕಪಾಟಿನಲ್ಲಿಟ್ಟು, ಬಸ್ಸು ಹತ್ತಿದರು. ಕಡಲ ಬದಿಯ ಸೀಟು ಸಿಕ್ಕಿತೋ ಇಲ್ಲವೋ ನೋಡಲಿಲ್ಲ.

ಅವರಮ್ಮ ತೀರಿದ ಸುದ್ದಿ ನೆರೆಮನೆಯವರ ಫೋನಿನಲ್ಲಿ ಬಂತು. ಹಿಂದೆಯೇ ಅಕ್ಕನ ದನಿ. “ಅಣ್ಣ, ಬಪ್ಪತ್ತಿಗೆ ಲ್ಯಾಪ್‌ಟಾಪ್ ತನ್ನಿ.”

ನಾನು ಹೋದಾಗ ಮಧ್ಯಾಹ್ನ ದಾಟಿತ್ತು. ಹೊರಗಿನ ಜಗುಲಿಯಲ್ಲಿ ನನ್ನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿದರು. ತಾವು ನನಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತರು. ಯಾವುದನ್ನು ಒತ್ತಬೇಕು, ಎಲ್ಲಿ ಎಳೆಯಬೇಕು, ಎಲ್ಲ ಹೇಳಿಕೊಟ್ಟರು. ನನ್ನ ಬೆರಳು ದಪ್ಪ, ಬೇರೆ ಬೇರೆ ಒತ್ತಿ ಹೋಗುತ್ತಿತ್ತು. ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಅಮ್ಮನ ಮುಖ ಬಂತು. ಹಿಂದೆ ನೀಲಿ ಬಂತು.

“ಕುದಿ ಚಾಲೂ ಇತ್ತಲ್ದಾ?”

“ಇತ್ತ್ ಅಕ್ಕ.”

“ಈಗ ಮೇಲಂದ ಕೆಳಗೆ ಬೆರಳ್ ಇಟ್ಕಂಡ್ ಕಾಣಿ. ನಿಧಾನ. ಬೆರಳ್ ಎಲ್ಲಾದ್ರೂ ನಿಂತತ್ತಾ?”

ನಾನು ಬೆರಳಿಟ್ಟು ನೋಡಿದೆ. ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಮನಸ್ಸಿಟ್ಟು ನೋಡಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನೋಡಿದೆ. ಕಡುನೀಲಿಯಿಂದ ಹೊರಟು ಅಮ್ಮನ ಬಿಳಿ ಕೂದಲಿನವರೆಗೆ ಬಂದೆ. ಎಲ್ಲಿಯೂ ಏನೂ ತಡೆಯಲಿಲ್ಲ.

“ಎಲ್ಲೂ ನಿಲ್ತಿಲ್ಲ ಅಕ್ಕ.”

“ಸಮಾ ಕಂಡ್ರ್ಯಾ?”

“ಕಬ್ಬಿಣಕ್ಕೆ ದಾರ ಹಿಡಿದವ ಅಲ್ಲ ನಾನು. ನನ್ ಕಣ್ಣ್ ನಂಬಿ.”

ಅವರು ಬೆನ್ನು ಹಾಕಿಕೊಂಡೇ ತಲೆ ಆಡಿಸಿದರು. “ನಂಬುದೇ ಅಲ್ದಾ ಇನ್ನ್.”

ಪೆನ್‌ಡ್ರೈವ್ ಹಿಡಿದು ನಾನೇ ಬ್ರಹ್ಮಾವರಕ್ಕೆ ಹೋದೆ. ಸಣ್ಣದು ಮಾಡಲು ಬಿಡಲಿಲ್ಲ. ಮಷಿನಿನ ಎದುರೇ ನಿಂತು ಮುದ್ರಿಸಿಕೊಂಡು ಬಂದೆ. ಹೊಸ ಪೈಪು ಕಡಿದು ಫ್ರೇಮು ಮಾಡಿ ಕಿರಿಮಂಜೇಶ್ವರದ ಬಸ್‌ಸ್ಟಾಪಿನ ಹತ್ತಿರ ನಿಲ್ಲಿಸಿದೆ.

ಬಿಸಿಲು ಇಳಿದ ಮೇಲೆ ಅಕ್ಕ ಬಂದರು. ತಲೆಯ ಮೇಲೆ ಸೆರಗು, ಕಣ್ಣಿಗೆ ಕರಿ ಕನ್ನಡಕ. ಬ್ಯಾನರಿನ ಎದುರು ಬಂದು ಕನ್ನಡಕ ತೆಗೆದರು. ಫ್ಲೆಕ್ಸು ಕುದಿಯುವುದಿಲ್ಲವಲ್ಲ. ಅಮ್ಮನ ಮುಖವನ್ನು ನೋಡಿದರು. ಆಮೇಲೆ ಮೇಲೆ ನೋಡಿದರು. ಮೇಲಿನಿಂದ ನಿಧಾನವಾಗಿ ಕೆಳಗೆ ಬಂದರು. ನಡುವೆ ಒಂದು ಕಡೆ ಅವರ ಕಣ್ಣು ನಿಂತಿತು. ಅಂಗೈಯನ್ನು ಅಲ್ಲಿಟ್ಟು, ಗೋಡೆಯ ಬಿರುಕು ಸವರುವ ಹಾಗೆ ಅಡ್ಡಕ್ಕೆ ಸವರಿದರು. ಸ್ವಲ್ಪ ಕೆಳಗೆ ಇನ್ನೊಮ್ಮೆ.

ನಾನು ಏಣಿ ಹಿಡಿದು ನಿಂತಿದ್ದೆ. ಬಸ್ಸಿನ ಮಾತು, ಮಳೆಯ ಮಾತು, ಬೊಜ್ಜದ ಅಡುಗೆಯ ಮಾತು, ಏನಾದರೂ ಬೇರೆ ಮಾತು ಬರಲಿ ಎಂದು ಕಾದೆ. ಒಂದು ಬಸ್ಸು ಬಂದು ನಿಂತು ಹೋಯಿತು. ಅಕ್ಕ ಕನ್ನಡಕ ಹಾಕಿಕೊಂಡರು.

“ಅಡ್ಡಿಲ್ಲ, ಅಣ್ಣ.”

ಬೊಜ್ಜ ಮುಗಿದ ಮೇಲೆ ಒಡಹುಟ್ಟಿದ ಅಣ್ಣ ಅವರನ್ನು ಮುಂಬೈಗೆ ಕರೆದುಕೊಂಡು ಹೋದ. ಅಲ್ಲಿ ರಸ್ತೆಯ ಬೋರ್ಡುಗಳೂ ಟಿವಿಯ ಹಾಗೆ ಉರಿಯುತ್ತವಂತೆ, ಹೋಗಿ ಬಂದವರು ಹೇಳುತ್ತಾರೆ. ಅಕ್ಕನಿಗೆ ಫೋನಿಲ್ಲ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಅಮ್ಮನ ಫ್ಲೆಕ್ಸನ್ನು ಬಿಚ್ಚಿ ತಂದವನು ನಾನೇ. ಈ ಮಳೆಗಾಲಕ್ಕೂ ಅದನ್ನು ಪೈಪಿಗೆ ಹೊದೆಸಲಿಲ್ಲ. ಶೆಡ್ಡಿನ ಒಳಗೋಡೆಗೆ ಮುಖ ಹೊರಗೆ ಮಾಡಿ ಕಟ್ಟಿದ್ದೇನೆ. ಬೈಯುವವರು ಬೈಯಲಿ. ಕೆಲಸಕ್ಕೆ ಮುಂಚೆ ಕಣ್ಣು ದಣಿಯದಿರುವಾಗ ಒಮ್ಮೆ, ಸಂಜೆ ಬೆಳಕು ಅಡ್ಡಕ್ಕೆ ಬೀಳುವಾಗ ಒಮ್ಮೆ, ಎದುರು ನಿಂತು ಮೇಲಿನಿಂದ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಅವರು ಅಂಗೈ ಇಟ್ಟ ಜಾಗ ನನಗೆ ಗೊತ್ತಿದೆ. ಅಲ್ಲಿಗೆ ಬಂದಾಗ ಬೆರಳನ್ನು ಇನ್ನೂ ನಿಧಾನ ಮಾಡುತ್ತೇನೆ.

ಬೆರಳು ನಿಲ್ಲುವುದಿಲ್ಲ. ನನಗೆ ಕಾಣುವುದು ಬರೀ ಆಕಾಶ.